ಹಳೆ ವಾಚಿನ ಬಕಲ್: ಅಸಲಿ ಯಾವುದು, ಆ ಕಾಲದ್ದು ಯಾವುದು?

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆಯ ಹಳೆಯ ಮದುವೆ ಫೋಟೊಗಳಲ್ಲಿ ಮದುಮಗನ ಕೈಯನ್ನು ಗಮನಿಸಿ. ಅಂಗಿಯ ತೋಳಿನ ತುದಿಯಲ್ಲಿ ವಾಚು ಕಾಣುವಂತೆ ಕೈಯನ್ನು ಮುಂದಕ್ಕೆ ಇಡಿಸಿರುತ್ತಾರೆ. ಆ ವಾಚು ಬಹುಪಾಲು ಎಚ್‌ಎಂಟಿ. ಮಾವನ ಮನೆಯವರು ಕೊಟ್ಟದ್ದು, ಮೊದಲ ಸಂಬಳದಲ್ಲಿ ಕೊಂಡದ್ದು, ನಿವೃತ್ತಿಯ ದಿನ ಶಾಲು ಹಾರದ ಜೊತೆ ಬಂದದ್ದು, ಹೀಗೆ ಯಾವುದೋ ದಾರಿಯಲ್ಲಿ ಮನೆ ಸೇರಿದ ಆ ವಾಚುಗಳನ್ನು ಈಗ ಮಕ್ಕಳು, ಮೊಮ್ಮಕ್ಕಳು ಬೀರುವಿನಿಂದ ಹೊರತೆಗೆಯುತ್ತಿದ್ದಾರೆ. ಕೀ ಕೊಟ್ಟರೆ ಓಡುತ್ತವೆ. ಕೊಳ್ಳಲು ಹುಡುಕಿಕೊಂಡು ಬರುವವರೂ ಇದ್ದಾರೆ. ಬಂದವರು ಕೇಳುವ ಮೊದಲ ಮಾತು, ‘ಎಲ್ಲಾ ಒರಿಜಿನಲ್ಲಾ?’

ಆ ‘ಎಲ್ಲಾ’ ಎಂಬುದರೊಳಗೆ ಬೆಲ್ಟಿನ ಬಕಲ್ ಕೂಡ ಸೇರುತ್ತದೆ. ಡಯಲ್, ಮುಳ್ಳು, ಯಂತ್ರ, ಬೆನ್ನಿನ ಮುಚ್ಚಳ ಇವನ್ನು ತಿರುಗಿಸಿ ಮುರುಗಿಸಿ ನೋಡುವವರು ಬಕಲ್ ಮೇಲೆ ಕಂಪನಿಯ ಹೆಸರು ಕಂಡ ಕೂಡಲೇ ತೃಪ್ತರಾಗಿಬಿಡುತ್ತಾರೆ. ಹೆಸರು ನೋಡಬೇಕಾದದ್ದು ಕೊನೆಯಲ್ಲಿ. ಅದಕ್ಕೂ ಮೊದಲು ಓದಬೇಕಾದ ಮೂರು ಸಂಗತಿಗಳಿವೆ: ಅಳತೆ, ಲೋಹ ಮತ್ತು ಸವೆತ. ಈ ಮೂರೂ ಒಪ್ಪಿದ ಮೇಲೆ ಹೆಸರಿಗೆ ಬೆಲೆ. ಇವು ಒಪ್ಪದಿದ್ದರೆ ಹೆಸರು ಎಷ್ಟು ಚೆನ್ನಾಗಿ ಕಂಡರೂ ಅದು ಸಾಕ್ಷಿಯಾಗದು.

ತುಮಕೂರಿನ ವಾಚು

ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಯಂತ್ರೋಪಕರಣ ತಯಾರಿಸಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದು ಕೈಗಡಿಯಾರದ ಕೆಲಸಕ್ಕೆ ಇಳಿಯಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಬೇಡಿಕೆ ಏರಿದಂತೆ ಕಾರ್ಖಾನೆಗಳೂ ಹೆಚ್ಚಿದವು. 1978ರಲ್ಲಿ ತುಮಕೂರಿನಲ್ಲೇ ಒಂದು ವಾಚ್ ಕಾರ್ಖಾನೆ ಬಂತು. ಮಳೆ ನೆಚ್ಚಿ ಕಡ್ಲೇಕಾಯಿ, ರಾಗಿ ಬೆಳೆಯುವ ಈ ಸೀಮೆಗೆ ಜಿಲ್ಲಾ ಕೇಂದ್ರದಲ್ಲೊಂದು ಕೇಂದ್ರ ಸರ್ಕಾರದ ಕಾರ್ಖಾನೆ ಎಂದರೆ ದೊಡ್ಡ ಮಾತು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು.

1984ರಲ್ಲಿ ಟೈಟನ್ ಹುಟ್ಟಿ, ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳು ಬರತೊಡಗಿದ ಮೇಲೆ ಗಿರಾಕಿಗಳ ಒಲವು ಬದಲಾಯಿತು. ಎಚ್‌ಎಂಟಿ ಕೂಡ ಕ್ವಾರ್ಟ್ಜ್ ಮಾಡಿತ್ತು, ಆದರೆ ಪೈಪೋಟಿಯಲ್ಲಿ ನಿಲ್ಲಲಾಗಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಪಾಲಾಯಿತು. ಮುಚ್ಚುವ ಸುದ್ದಿ ಬಂದದ್ದೇ ತಡ, ಹಳೆ ಎಚ್‌ಎಂಟಿಗೆ ಗಿರಾಕಿ ಹೆಚ್ಚಿದರು. ಗಿರಾಕಿ ಹೆಚ್ಚಿದ ಕಡೆ ನಕಲಿ ಬಾರದೆ ಇರುವುದಿಲ್ಲ. ಹಳೆ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿದ ಜೋಡಣೆ ವಾಚುಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡವು. ಆ ಜೋಡಣೆಯ ಕೊನೆಯ ಅಲಂಕಾರ, ಕಂಪನಿಯ ಹೆಸರಿರುವ ಬಕಲ್.

ಮೂರು ಬೇರೆ ಬೇರೆ ಪ್ರಶ್ನೆ

‘ಒರಿಜಿನಲ್ಲಾ?’ ಎಂದು ಕೇಳುವಾಗ ನಾವು ಮೂರು ಪ್ರಶ್ನೆಗಳನ್ನು ಒಂದರಲ್ಲೇ ತುರುಕಿರುತ್ತೇವೆ. ಮೊದಲನೆಯದು, ಈ ಬಕಲ್ ನಿಜವಾಗಿ ಆ ಕಂಪನಿಯದೇ? ಎರಡನೆಯದು, ಇದು ವಾಚು ತಯಾರಾದ ಕಾಲದ್ದೇ? ಮೂರನೆಯದು, ಇದೇ ವಾಚಿನ ಜೊತೆಗೇ ಅಂಗಡಿಯಿಂದ ಬಂದದ್ದೇ?

ವಾಚ್ ಕಂಪನಿ ಮುಚ್ಚಿದರೂ ಎಚ್‌ಎಂಟಿ ಹೆಸರಿನ ವಾಚುಗಳು ಈಗಲೂ ಬೆಂಗಳೂರಿನಿಂದ ಬರುತ್ತಿವೆ. ಇವುಗಳ ಬೆಲ್ಟಿನ ಬಕಲನ್ನು 1970ರ ದಶಕದ ಜನತಾಕ್ಕೆ ಹಾಕಿದರೆ ಮೊದಲ ಪ್ರಶ್ನೆಗೆ ‘ಹೌದು’, ಎರಡನೆಯದಕ್ಕೆ ‘ಅಲ್ಲ’. ಅಜ್ಜನ ಕಾಲದ ಪೈಲಟ್‌ನ ಬಕಲನ್ನು ಅದೇ ಕಾಲದ ಸೋನಾಕ್ಕೆ ಹಾಕಿದರೆ ಮೊದಲೆರಡಕ್ಕೂ ‘ಹೌದು’, ಮೂರನೆಯದಕ್ಕೆ ‘ಅಲ್ಲ’. ಮೂರನೆಯದನ್ನು ಬಕಲ್ ನೋಡಿ ಸಾಬೀತು ಮಾಡುವುದು ಅಸಾಧ್ಯವೇ ಸರಿ. ಒಬ್ಬರೇ ಕಟ್ಟಿಕೊಂಡ ವಾಚು, ಕೊಂಡಾಗಿನ ರಸೀದಿ, ಡಬ್ಬಿ, ಹಳೆಯ ಫೋಟೊ ಇವು ಸೇರಿದಾಗಷ್ಟೇ ಅದಕ್ಕೆ ಉತ್ತರ ಸಿಗುತ್ತದೆ. ಆದ್ದರಿಂದ ಮಾರುವವರು ಬಕಲ್ ಒಂದನ್ನೇ ತೋರಿಸಿ ‘ವಾಚಿನ ಜೊತೆ ಬಂದದ್ದು’ ಎಂದರೆ ಆ ಮಾತನ್ನು ಮಾತೆಂದೇ ತೆಗೆದುಕೊಳ್ಳಬೇಕು.

ಹಳೆಯ ಬಕಲ್ ಯಾಕೆ ಇಷ್ಟು ಅಪರೂಪ ಎಂಬುದಕ್ಕೂ ಕಾರಣ ಸರಳ. ಬೆವರು, ಬಿಸಿಲು, ಧೂಳಿಗೆ ಚರ್ಮದ ಬೆಲ್ಟು ಒಂದೆರಡು ವರ್ಷಕ್ಕೆ ಬಿರುಕು ಬಿಡುತ್ತದೆ. ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯಲ್ಲಿ ಹೊಸ ಬೆಲ್ಟು ಹಾಕಿಸುತ್ತೇವೆ. ಹೊಸದರಲ್ಲಿ ಅದರದೇ ಬಕಲ್ ಇರುತ್ತದೆ. ಹಳೆಯದು ಬೆಲ್ಟಿನ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತದೆ. ಇಪ್ಪತ್ತು ವರ್ಷ ದಿನವೂ ಕಟ್ಟಿದ ವಾಚಿನಲ್ಲಿ ಮೊದಲ ಬಕಲ್ ಉಳಿದಿದೆ ಎಂದರೆ ಯಾರೋ ಒಬ್ಬರು ಕಾಳಜಿಯಿಂದ ಅದನ್ನು ಬಿಚ್ಚಿಸಿ ಹೊಸ ಬೆಲ್ಟಿಗೆ ಹಾಕಿಸಿದ್ದಾರೆ ಎಂದರ್ಥ. ಹೆಸರಿಲ್ಲದ ಬಕಲ್ ಇರುವ ಹಳೆ ಎಚ್‌ಎಂಟಿ ಕಂಡರೆ ಅನುಮಾನಪಡಬೇಕಿಲ್ಲ. ಬಹುಪಾಲು ವಾಚುಗಳ ಸಹಜ ಸ್ಥಿತಿಯೇ ಅದು.

ಅಳತೆ ಮೊದಲು

ಬಕಲ್‌ಗೆ ಮೂರು ಭಾಗ. ಹೊರಗಿನ ಚೌಕಟ್ಟು, ತೂತಿನೊಳಗೆ ಕೂರುವ ನಾಲಿಗೆ, ಇವೆರಡನ್ನೂ ಬೆಲ್ಟಿಗೆ ಹಿಡಿದಿಡುವ ಅಡ್ಡಕಂಬಿ. ಈ ಕಂಬಿ ಮೂರು ರೀತಿಯಲ್ಲಿರಬಹುದು. ಚೌಕಟ್ಟಿಗೇ ಬೆಸೆದಿದ್ದು ಅದರ ಸುತ್ತ ಚರ್ಮ ಮಡಿಸಿ ಹೊಲಿದಿರಬಹುದು. ಎರಡು ತೂತುಗಳಿಗೆ ಗಟ್ಟಿಯಾಗಿ ಕೂರಿಸಿದ ಸಾದಾ ಕಂಬಿ ಇರಬಹುದು. ಇಲ್ಲವೇ ಎರಡೂ ತುದಿ ಒಳಕ್ಕೆ ಒತ್ತುವ ಸ್ಪ್ರಿಂಗ್ ಪಿನ್ ಇರಬಹುದು. ಸ್ಪ್ರಿಂಗ್ ಪಿನ್ ಇದ್ದರೆ ಬಕಲನ್ನು ಬಿಚ್ಚಿ ಬೇರೆ ಬೆಲ್ಟಿಗೆ ಹಾಕುವುದು ಸಲೀಸು. ಹಾಗಾಗಿ ಬಕಲ್ ವಾಚಿನಿಂದ ವಾಚಿಗೆ ಓಡಾಡಿರುವ ಸಾಧ್ಯತೆಯೂ ಅಲ್ಲಿ ಹೆಚ್ಚು.

ಅಳೆಯಬೇಕಾದದ್ದು ಬಕಲ್‌ನ ಹೊರಗಿನ ಅಗಲವನ್ನಲ್ಲ, ಅಡ್ಡಕಂಬಿಯ ಮೇಲೆ ಚರ್ಮ ಕೂರುವ ಒಳ ಅಗಲವನ್ನು. ವಾಚಿನ ಲಗ್‌ಗಳ, ಅಂದರೆ ಬೆಲ್ಟು ಸಿಕ್ಕಿಸುವ ಕೊಂಬುಗಳ, ನಡುವಿನ ಅಗಲ 18 ಮಿ.ಮೀ. ಇದ್ದರೆ (ಜನತಾದಲ್ಲಿ ಇಷ್ಟೇ) ಬೆಲ್ಟು ಬಕಲ್ ಕಡೆಗೆ ಸಣ್ಣಗಾಗುತ್ತಾ ಬಂದು ಸಾಮಾನ್ಯವಾಗಿ 16 ಮಿ.ಮೀ. ಆಗುತ್ತದೆ. ಒಂದೇ ಅಗಲದ ಬೆಲ್ಟುಗಳೂ ಇವೆ. ಆದರೆ 18ರ ವಾಚಿಗೆ 20ರ ಬಕಲ್ ಹಾಕಿ ‘ಕಂಪನಿಯದೇ’ ಎಂದರೆ ನಂಬಬೇಡಿ. ಹೆಂಗಸರ ವಾಚಿನ ಸಣ್ಣ ಬಕಲನ್ನು ಗಂಡಸರ ವಾಚಿಗೆ ತುರುಕಿದರೆ ಚರ್ಮದ ಅಂಚುಗಳು ಕಂಬಿಯ ಬಳಿ ಮುದುರಿಕೊಂಡು ತಾವೇ ಹೇಳುತ್ತವೆ.

ಇನ್ನೂ ಹಳೆಯ ವಾಚುಗಳಿಗೆ ಲೆಕ್ಕ ಬೇರೆ. ಮೊದಲ ಮಹಾಯುದ್ಧಕ್ಕೂ ಮೊದಲು ಗಂಡಸರ ವಾಚು ಜೇಬಿನಲ್ಲಿರುತ್ತಿತ್ತು. ಯುದ್ಧಭೂಮಿಯಲ್ಲಿ ಜೇಬಿಗೆ ಕೈ ಹಾಕಲು ಪುರಸೊತ್ತಿಲ್ಲದ ಸೈನಿಕರಿಂದಾಗಿ ಕೈಗಡಿಯಾರ ಎಲ್ಲೆಡೆ ಹಬ್ಬಿತು. ಆ ಕಾಲದ ಬಹಳಷ್ಟು ವಾಚುಗಳಲ್ಲಿ ಲಗ್ ಎಂದರೆ ಬೆಸೆದ ತಂತಿ. ಬೆಲ್ಟನ್ನು ಅದರೊಳಗೆ ತೂರಿಸಬೇಕು. ಅಂಥ ವಾಚಿನ ಬೆಲ್ಟುಗಳು ಕಿರಿದು, ಬಕಲ್‌ಗಳೂ ಕಿರಿದು. ಸ್ವಿಸ್ ವಾಚ್ ಕಂಪನಿ ಫಾವ್ರ್-ಲ್ಯೂಬಾ 1865ರಷ್ಟು ಹಿಂದೆಯೇ ಮುಂಬೈಯಲ್ಲಿ ಕಚೇರಿ ತೆರೆದಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿಯೂ ಅಲ್ಲಿಂದಲೇ ಭಾರತದಲ್ಲಿ ಹೆಸರು ಮಾಡಿತು. ಎಚ್‌ಎಂಟಿಗೂ ಮೊದಲು ನಮ್ಮ ಕಡೆಯ ಉಳ್ಳವರ ಮನೆಗಳಿಗೆ ಬಂದ ವಾಚುಗಳು ಇಂಥ ಕಂಪನಿಗಳವು.

ಲೋಹ ಸುಳ್ಳು ಹೇಳುವುದು ಕಷ್ಟ

ಅಗ್ಗದ ಬಕಲ್‌ಗಳ ಒಡಲು ಬಹುಪಾಲು ಹಿತ್ತಾಳೆ. ಮೇಲೆ ನಿಕ್ಕಲ್, ಕ್ರೋಮ್ ಇಲ್ಲವೇ ಬಂಗಾರದ ಗಿಲೀಟು. ನಿಕ್ಕಲ್ ಲೇಪದ ಬಿಳುಪಿನಲ್ಲಿ ಸ್ವಲ್ಪ ಹಳದಿ ಛಾಯೆ ಇರುತ್ತದೆ, ಕ್ರೋಮ್‌ನಲ್ಲಿ ನೀಲಿ ಛಾಯೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕ್ರೋಮ್ ಲೇಪ ವಾಣಿಜ್ಯವಾಗಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ವಾಚುಗಳು ಹಬ್ಬಿದ್ದು 1930ರ ದಶಕದಿಂದೀಚೆ. ಹೀಗಾಗಿ ಮೊದಲ ಮಹಾಯುದ್ಧದ ವಾಚಿಗೆ ಹೊಳೆಯುವ ಸ್ಟೀಲ್ ಬಕಲ್ ಇದ್ದರೆ ಅದು ಆಮೇಲೆ ಹಾಕಿದ್ದು.

ಅಯಸ್ಕಾಂತ ಒಂದು ಸಣ್ಣ ಸಹಾಯ. ಹಿತ್ತಾಳೆ, ಬೆಳ್ಳಿ, ಬಂಗಾರ ಅಂಟುವುದಿಲ್ಲ. ವಾಚಿಗೆ ಬಳಸುವ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಅಂಟುವುದಿಲ್ಲ, ಅಂಟಿದರೂ ಬಲು ಕಡಿಮೆ. ಚೌಕಟ್ಟು ಗಟ್ಟಿಯಾಗಿ ಎಳೆದುಕೊಂಡರೆ ಅದು ಕಬ್ಬಿಣದ ತಗಡಿಗೆ ಲೇಪ ಹಾಕಿದ್ದು. ಆದರೆ ಒಳಗಿನ ಸ್ಪ್ರಿಂಗ್ ಪಿನ್ ಉಕ್ಕಿನದಾದರೆ ಅದೇ ಅಂಟಿ ದಾರಿ ತಪ್ಪಿಸಬಹುದು. ಪಿನ್ ತೆಗೆದು ಪರೀಕ್ಷಿಸಬೇಕು.

ಬಂಗಾರದ ಲೇಪದಲ್ಲೂ ಅಂತರಗಳಿವೆ. ಸಾಮಾನ್ಯ ಗಿಲೀಟು ಒಂದು ಮೈಕ್ರಾನ್‌ಗೂ ಕಡಿಮೆ ದಪ್ಪ ಇರಬಹುದು. ಒಳ್ಳೆಯ ಸ್ವಿಸ್ ಕೇಸುಗಳಿಗೆ 10, 20 ಮೈಕ್ರಾನ್ ಲೇಪ ಹಾಕಿ ಆ ಸಂಖ್ಯೆಯನ್ನು ಕೇಸಿನ ಮೇಲೆ ಬರೆಯುತ್ತಿದ್ದರು. 20 ಮೈಕ್ರಾನ್ ಎಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ರೋಲ್ಡ್ ಗೋಲ್ಡ್ ಎಂಬುದು ಬಂಗಾರದ ತೆಳು ಹಾಳೆಯನ್ನು ಕೆಳಗಿನ ಲೋಹಕ್ಕೆ ಒತ್ತಡದಲ್ಲಿ ಬೆಸೆದದ್ದು; ಗಿಲೀಟಿಗಿಂತ ಬಾಳಿಕೆ ಜಾಸ್ತಿ. ಇಲ್ಲಿ ನೋಡಬೇಕಾದದ್ದು ವಾಚಿನ ಕೇಸಿಗೂ ಬಕಲಿಗೂ ಇರುವ ಹೊಂದಾಣಿಕೆ. ಕೇಸಿನ ಲಗ್ ತುದಿಗಳಲ್ಲಿ ಬಂಗಾರ ಹೋಗಿ ಬಿಳಿ ಲೋಹ ಕಾಣುತ್ತಿದ್ದು, ಅದಕ್ಕಿಂತ ಹೆಚ್ಚು ಉಜ್ಜಾಡುವ ಬಕಲ್ ಮಾತ್ರ ಥಳಥಳ ಎನ್ನುತ್ತಿದ್ದರೆ ಅವೆರಡೂ ಒಟ್ಟಿಗೆ ಬಾಳಿಲ್ಲ.

ಐ ಗ್ಲಾಸಿನ ಕೆಳಗೆ ಒಂದು ಬಕಲ್

ಸವೆತ ಓದುವುದನ್ನು ಕಲಿಯಲು ಒಂದು ಹಳೆಯ, ಗಿಲೀಟಿನ ಬಕಲನ್ನು ಬೆಲ್ಟಿನಿಂದ ಬಿಡಿಸಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐ ಗ್ಲಾಸಿನ ಕೆಳಗೆ ಇಡಿ. ಚೌಕಟ್ಟಿನ ಹೊರ ಅಂಚಿನಲ್ಲಿ, ಅದರಲ್ಲೂ ಎರಡು ಮೂಲೆಗಳಲ್ಲಿ, ಬಂಗಾರ ಹೋಗಿ ಹಿತ್ತಾಳೆ ಕಾಣುತ್ತದೆ. ಬರೆಯುವಾಗ ಮೇಜಿಗೆ ತಾಗುವುದು ಅದೇ ಜಾಗ. ನಾಲಿಗೆಯ ತುದಿ ಚೌಕಟ್ಟಿನ ಮೇಲೆ ಕೂರುವಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ನಾಲಿಗೆಯ ಬುಡ ಅಡ್ಡಕಂಬಿಯನ್ನು ಸುತ್ತಿಕೊಳ್ಳುವಲ್ಲಿ ಸಡಿಲವಾಗಿರುತ್ತದೆ. ಈಗ ಮಗುಚಿ ಹಾಕಿ. ಚರ್ಮದಡಿ ಅಡಗಿದ್ದ ಭಾಗದಲ್ಲಿ ಗಿಲೀಟು ಹೊಸದರಂತೆ ಉಳಿದಿರುತ್ತದೆ. ಅದರ ಅಂಚಿನಲ್ಲಿ ಮಾತ್ರ ಬೆವರು ನಿಂತು ಹಸಿರು ಕಿಲುಬು ಕಟ್ಟಿರುತ್ತದೆ. ಮೈಗೆ ತಾಗುವ ಕೆಳ ಮೈ ಮಂಕಾಗಿರುತ್ತದೆ.

ಸವೆತಕ್ಕೆ ಹೀಗೆ ಒಂದು ನಕ್ಷೆ ಇರುತ್ತದೆ. ಉಜ್ಜುವಲ್ಲಿ ಸವೆತ, ಮುಚ್ಚಿದಲ್ಲಿ ಹೊಳಪು, ಬೆವರು ನಿಲ್ಲುವಲ್ಲಿ ಕಿಲುಬು. ಹಳೆಯದೆಂದು ತೋರಿಸಲು ಆಸಿಡ್ಡಿನಲ್ಲಿ ಅದ್ದಿದ, ಮರಳು ಕಾಗದದಲ್ಲಿ ತಿಕ್ಕಿದ ಬಕಲ್‌ನಲ್ಲಿ ಈ ನಕ್ಷೆ ಸಿಗದು. ಅಲ್ಲಿ ಮೇಲೆ, ಕೆಳಗೆ, ಚರ್ಮದಡಿ ಎಲ್ಲೆಡೆ ಒಂದೇ ಸಮನಾದ ಮಂಕು ಇರುತ್ತದೆ. ಗೀರುಗಳೆಲ್ಲ ಒಂದೇ ದಿಕ್ಕಿಗಿರುತ್ತವೆ. ಚೌಕಟ್ಟು ಪೂರ್ತಿ ಸವೆದಿದ್ದು ನಾಲಿಗೆ ಮಾತ್ರ ಹೊಸದಾಗಿದ್ದರೆ ನಾಲಿಗೆ ಬದಲಾಗಿದೆ. ಅದು ಮೋಸವಲ್ಲ, ರಿಪೇರಿ. ಮಾರುವವರು ಅದನ್ನು ಹೇಳಿ ಮಾರಿದರೆ ಸಾಕು.

ಬೆಲ್ಟಿನ ಚರ್ಮವೂ ಸಾಕ್ಷಿ ಹೇಳುತ್ತದೆ. ವರ್ಷಗಟ್ಟಲೆ ಒಂದೇ ತೂತಿಗೆ ಹಾಕಿದ ಬೆಲ್ಟಿನ ಮೇಲೆ ಚೌಕಟ್ಟಿನ ಆಕಾರದ ಅಚ್ಚು ಬಿದ್ದಿರುತ್ತದೆ. ಆ ಅಚ್ಚಿನ ಅಗಲಕ್ಕೂ ಈಗಿರುವ ಬಕಲ್‌ನ ಅಗಲಕ್ಕೂ ತಾಳೆ ಬೀಳದಿದ್ದರೆ ಬಕಲ್ ನಿನ್ನೆ ಮೊನ್ನೆ ಬಂದದ್ದು.

ಕೊನೆಗೆ ಹೆಸರು

ಹಳೆಯ ಕಾಲದಲ್ಲಿ ಹೆಸರನ್ನು ಅಚ್ಚಿನಿಂದ ಒತ್ತಿ, ಆಮೇಲೆ ಲೇಪ ಹಾಕುವುದು ರೂಢಿ. ಹಾಗಾಗಿ ಅಕ್ಷರದ ತಗ್ಗಿನೊಳಗೂ ಲೇಪ ಇಳಿದಿರುತ್ತದೆ, ಅಂಚುಗಳು ನಯವಾಗಿ ಬಾಗಿರುತ್ತವೆ. ತೆಳು ತಗಡಿನ ಬಕಲ್ ಆದರೆ ಹಿಂಬದಿಯಲ್ಲಿ ಒತ್ತಿದ ಗುರುತು ಕಾಣಬಹುದು. ಈಚೆಗೆ ಲೇಸರಿನಲ್ಲಿ ಕೊರೆದ ಹೆಸರು ಬೇರೆ ರೀತಿ ಇರುತ್ತದೆ. ಅದು ಲೇಪವನ್ನು ಸುಟ್ಟು ಇಳಿದಿರುತ್ತದೆ, ತಳ ಕಪ್ಪಾಗಿ ಒರಟಾಗಿರುತ್ತದೆ. 1970ರ ದಶಕದ್ದೆಂದು ಹೇಳುವ ಬಕಲ್ ಮೇಲೆ ಲೇಸರ್ ಗುರುತು ಕಂಡರೆ ಮುಂದೆ ನೋಡುವ ಅಗತ್ಯವಿಲ್ಲ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿರುತ್ತವೆ, ಮೇಲ್ಮೈಯಲ್ಲಿ ಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಪಕ್ಕದಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆ ಉಳಿದಿರುತ್ತದೆ. ಅಸಲಿ ಬಕಲನ್ನೇ ಪದೇ ಪದೇ ಪಾಲಿಶ್ ಮಾಡಿದರೂ ಅಕ್ಷರ ಮೊಂಡಾಗುತ್ತದೆ. ಆಗ ಕುಳಿಗಳಿರುವುದಿಲ್ಲ, ಮೂಲೆಗಳೂ ಅಷ್ಟೇ ಪ್ರಮಾಣದಲ್ಲಿ ಉರುಟಾಗಿರುತ್ತವೆ.

ಅಕ್ಷರದ ರೂಪವನ್ನು ಹೋಲಿಸಲು ಅದೇ ಕಾಲದ, ಅನುಮಾನವಿಲ್ಲದ ಇನ್ನೊಂದು ಬಕಲ್ ಬೇಕು. ಒಬ್ಬರೇ ಕೊಂಡು ಕಟ್ಟಿದ ವಾಚುಗಳು ಇನ್ನೂ ಉಳಿದಿರುವ ಈ ನಾಲ್ಕು ತಾಲ್ಲೂಕುಗಳಂಥ ಕಡೆ ಅದು ಸಿಗುವ ಸಂಭವ ಹೆಚ್ಚು. ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಕೇಂದ್ರದಲ್ಲಿ ಕಂಪನಿಯ ವಾಚುಗಳ ಸಂಗ್ರಹ ನೋಡಲು ಸಿಗುತ್ತದೆ.

ಅಳಿಲು, ಕರಡಿ, ನಾಯಿಯ ತಲೆ

ವಿದೇಶಿ ವಾಚಿನ ಬಂಗಾರದ, ಬೆಳ್ಳಿಯ ಬಕಲ್ ಆದರೆ ಕಂಪನಿಯ ಹೆಸರಿಗಿಂತ ಸರ್ಕಾರದ ಮುದ್ರೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1880ರ ಕಾನೂನಿನಿಂದ ವಾಚ್ ಕೇಸುಗಳ ಮುದ್ರೆಗಳಿಗೆ ಕ್ರಮ ಬಂತು. 18 ಕ್ಯಾರೆಟ್ ಬಂಗಾರಕ್ಕೆ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆ, 14 ಕ್ಯಾರೆಟ್‌ಗೆ ಅಳಿಲು, ಸಾವಿರಕ್ಕೆ 875 ಪಾಲಿನ ಬೆಳ್ಳಿಗೆ ಕರಡಿ, 800ರ ಬೆಳ್ಳಿಗೆ ಗ್ರೌಸ್ ಎಂಬ ಹಕ್ಕಿ. 1995ರಿಂದ ಇವೆಲ್ಲದರ ಬದಲಿಗೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಹಾಗಾಗಿ 1960ರ ವಾಚಿನ ಬಂಗಾರದ ಬಕಲ್ ಮೇಲೆ ನಾಯಿಯ ತಲೆ ಇದ್ದರೆ ಆ ಬಕಲ್ 1995ಕ್ಕಿಂತ ಹಿಂದಿನದಲ್ಲ. ಬಂಗಾರ ಅಪ್ಪಟವೇ ಇರಬಹುದು, ಕಾಲ ಮಾತ್ರ ಸುಳ್ಳು. ಮುದ್ರೆ ಇಲ್ಲದಿದ್ದರೆ ಪೇಟೆಯ ಅಕ್ಕಸಾಲಿಗರ ಬಳಿ ಒರೆಗಲ್ಲು ಇದೆ, ಪಟ್ಟಣಗಳಲ್ಲಿ ಎಕ್ಸ್‌ರೇ ಯಂತ್ರವೂ ಇದೆ. ಗೀರದೆ ನೋಡುವ ಯಂತ್ರವೇ ಬಕಲ್‌ಗೆ ಕ್ಷೇಮ. ಆದರೆ ಅದು ಮೇಲ್ಪದರವನ್ನಷ್ಟೇ ಓದುವುದರಿಂದ ದಪ್ಪ ಲೇಪ ಇದ್ದರೆ ಮೋಸ ಹೋಗಬಹುದು. ತೂಕವನ್ನೂ ಜೊತೆಗೆ ನೋಡಬೇಕು. 18 ಕ್ಯಾರೆಟ್ ಬಂಗಾರ ಹಿತ್ತಾಳೆಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಭಾರ.

ಮಡಿಸಿ ಮುಚ್ಚುವ ಕ್ಲಾಸ್ಪ್ ಈಚಿನದೆಂದು ಹಲವರು ತಿಳಿದಿದ್ದಾರೆ. ಪ್ಯಾರಿಸ್ಸಿನ ಕಾರ್ಟಿಯೆ 1909–10ರ ಸುಮಾರಿಗೇ ಅದಕ್ಕೆ ಪೇಟೆಂಟ್ ಪಡೆದಿತ್ತು. ಆದರೂ ಎಚ್‌ಎಂಟಿಯ ಕೀ ಕೊಡುವ ವಾಚಿಗೆ ಚರ್ಮದ ಬೆಲ್ಟಿನ ಮೇಲೆ ಅಂಥದ್ದು ಕಂಡರೆ ಆಮೇಲೆ ಹಾಕಿಸಿದ್ದೆಂದೇ ಎಣಿಸಬಹುದು.

ತೊಳೆಯುವ ಮೊದಲು

ಹಿತ್ತಾಳೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹೊರಬರುತ್ತದೆ. ಬಕಲ್‌ಗೆ ಅದು ಬೇಡ. ಹುಳಿ ಕಿಲುಬನ್ನು ತೆಗೆಯುವಾಗ ಉಳಿದಿದ್ದ ಲೇಪದ ಅಡಿಗೂ ನುಗ್ಗುತ್ತದೆ, ಸವೆತದ ನಕ್ಷೆ ಅಳಿಸಿಹೋಗುತ್ತದೆ. ಪಾಲಿಶ್ ಪೇಸ್ಟೂ ಹಾಗೆಯೇ. ಬೆಲ್ಟಿನಿಂದ ಬಿಡಿಸಿ, ಸೌಮ್ಯ ಸೋಪಿನ ನೀರಿನಲ್ಲಿ ಮೆತ್ತನೆ ಬ್ರಷ್ ಆಡಿಸಿ, ತಕ್ಷಣ ಒರೆಸಿ ಒಣಗಿಸಿದರೆ ಸಾಕು. ಹೊಸದಾಗಿ ಗಿಲೀಟು ಮಾಡಿಸುವ ಆಸೆಯನ್ನಂತೂ ಬಿಟ್ಟೇಬಿಡಬೇಕು. ಲೇಪ ಹಾಕುವ ಮೊದಲು ಉಜ್ಜಿ ನುಣುಪು ಮಾಡುವುದರಿಂದ ಅಕ್ಷರದ ಅಂಚೂ, ಮೂಲೆಯೂ, ಕಾಲವೂ ಒಟ್ಟಿಗೆ ಹೋಗುತ್ತವೆ.

ಕೊಳ್ಳುವವರಿಗೆ ಒಂದು ಮಾತು. ಬಕಲ್ ನೋಡಿ ವಾಚಿನ ಬೆಲೆ ಏರಿಸಬೇಡಿ. ಮೊದಲು ವಾಚಿಗೆ ಬೆಲೆ ಕಟ್ಟಿ, ಬಕಲ್ ಒಪ್ಪಿದರೆ ಅದಕ್ಕೆ ಬೇರೆಯಾಗಿ ಕೊಡಿ. ಡಯಲ್ ಮೇಲೆ ಹೊಸ ಬಣ್ಣವಿದ್ದು ಬಕಲ್ ಮೇಲೆ ಮಾತ್ರ ಹಳೆಯ ಹೆಸರಿದ್ದರೆ, ಆ ಬಕಲ್ ಅಲ್ಲಿರುವುದು ನಿಮ್ಮ ಕಣ್ಣನ್ನು ಡಯಲ್‌ನಿಂದ ಆಚೆ ಸೆಳೆಯಲಿಕ್ಕೆ.

ಮನೆಯಲ್ಲಿ ವಾಚು ಇರುವವರ ಕೆಲಸ ಇದಕ್ಕಿಂತ ಸುಲಭ, ಇದಕ್ಕಿಂತ ಮುಖ್ಯ. ಬೆಲ್ಟು ಬದಲಿಸುವಾಗ ಹಳೆಯ ಬಕಲನ್ನು ಕೇಳಿ ಪಡೆಯಿರಿ. ಹೊಸ ಬೆಲ್ಟಿಗೆ ಸರಿಹೊಂದಿದರೆ ಅದನ್ನೇ ಹಾಕಿಸಿ, ಇಲ್ಲದಿದ್ದರೆ ತೇವವಿಲ್ಲದ ಸಣ್ಣ ಪೊಟ್ಟಣದಲ್ಲಿಡಿ. ಬೆನ್ನಿನ ಮುಚ್ಚಳದ ಮೇಲಿನ ಸಂಖ್ಯೆ, ಯಾರು ಯಾವ ವರ್ಷ ಕೊಂಡದ್ದು, ಯಾವ ಊರಿನ ಅಂಗಡಿ, ಬಕಲ್ ಎಂದಾದರೂ ಬದಲಾಗಿದೆಯೇ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಬಕಲ್‌ನ ಮುಂಭಾಗ, ಹಿಂಭಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಈ ಬಕಲ್ ಈ ವಾಚಿನ ಜೊತೆಗೇ ಬಂದದ್ದೇ ಎಂಬ ಮೂರನೆಯ ಪ್ರಶ್ನೆಗೆ ಯಾವ ಐ ಗ್ಲಾಸೂ, ಯಾವ ಯಂತ್ರವೂ ಉತ್ತರ ಕೊಡದು. ಆ ಚೀಟಿ ಕೊಡುತ್ತದೆ. ತುಮಕೂರಿನಲ್ಲಿ ವಾಚು ಮಾಡುತ್ತಿದ್ದ ಕಾಲದ ನಂಬುವಂಥ ದಾಖಲೆಯನ್ನು ಇನ್ನು ಬರೆಯಬೇಕಾದವರು ಆ ವಾಚನ್ನು ಕಟ್ಟಿಕೊಂಡ ಮನೆಯವರೇ.